ಸ್ಪೈಕ್ ಗಾರ್ಡ್ ಪೆಟ್ಟಿಗೆಯ ಮೇಲಿಲ್ಲದ ಸಂಖ್ಯೆ

ಗಣಕಯಂತ್ರಕ್ಕೋ ಟಿ.ವಿ.ಗೋ ಬೇಕೆಂದು ನೀವು 'ಸ್ಪೈಕ್ ಗಾರ್ಡ್' ಎಂಬ ಎಕ್ಸ್‌ಟೆನ್ಷನ್ ಬೋರ್ಡನ್ನು ಕೊಂಡಿದ್ದರೆ ಅದರ ಪೆಟ್ಟಿಗೆಯ ಮೇಲಿನ ಬರಹವನ್ನೊಮ್ಮೆ ಓದಿ. ಸರ್ಜ್, ಅಂದರೆ ವೋಲ್ಟೇಜ್ ಉಬ್ಬರವನ್ನು ಹೀರಿಕೊಳ್ಳುತ್ತದೆ ಎಂಬ ಅರ್ಥದ ವಾಕ್ಯವಿರುತ್ತದೆ. ಕೆಲವದರಲ್ಲಿ ಇಷ್ಟು ಜೂಲ್ ಎಂಬ ಸಂಖ್ಯೆಯೂ ಇರುತ್ತದೆ. ಉಬ್ಬರ ಬಂದ ಗಳಿಗೆಯಲ್ಲಿ ನಿಮ್ಮ ಉಪಕರಣವನ್ನು ಎಷ್ಟು ವೋಲ್ಟ್ ತಲಪುತ್ತದೆ ಎಂಬುದು ಮಾತ್ರ ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ಕೊಳ್ಳುವವರಿಗೆ ಬೇಕಾದ ಮುಖ್ಯ ಸಂಖ್ಯೆ ಅದೇ. ವ್ಯಾಪಾರಿಗಳನ್ನಷ್ಟೇ ದೂರುವಂತಿಲ್ಲ; ತರಗತಿಗಳಲ್ಲಿ ನಾವು ಕೊಡುವ ವಿವರಣೆಯೂ 'ಹೀರಿಕೊಳ್ಳುತ್ತದೆ' ಎಂಬಲ್ಲಿಗೇ ನಿಂತುಬಿಡುತ್ತದೆ.

ಬೋರ್ಡಿನೊಳಗೆ ಇರುವುದು, ಅಥವಾ ಇರಬೇಕಾದದ್ದು, ಲೋಹದ ಆಕ್ಸೈಡಿನ ವೇರಿಸ್ಟರ್. ಸತುವಿನ ಆಕ್ಸೈಡಿಗೆ ಬಿಸ್ಮತ್ ಮೊದಲಾದವುಗಳ ಆಕ್ಸೈಡನ್ನು ಸ್ವಲ್ಪ ಬೆರೆಸಿ, ಬಿಲ್ಲೆ ಮಾಡಿ, ಪಿಂಗಾಣಿಯಂತೆ ಸುಟ್ಟು ತಯಾರಿಸಿದ ಅರೆವಾಹಕ. ಜಪಾನಿನ ಮಾತ್ಸುಶಿತಾ ಸಂಸ್ಥೆಯ ಮಿಚಿಯೊ ಮಾತ್ಸುಒಕಾ ಇದರ ಗುಣಗಳನ್ನು ವಿವರಿಸುವ ಪ್ರಬಂಧವನ್ನು 1971ರಲ್ಲಿ ಪ್ರಕಟಿಸಿದರು. ಬಿಲ್ಲೆಯೊಳಗಿನ ಕಣಗಳು ಒಳ್ಳೆಯ ವಾಹಕಗಳೇ. ಕಣ ಕಣಗಳ ನಡುವಿನ ಗಡಿಗಳು ಮಾತ್ರ ತಲಾ ಸುಮಾರು 3 ವೋಲ್ಟ್ ಬೀಳುವವರೆಗೆ ಪ್ರವಾಹವನ್ನು ತಡೆಯುತ್ತವೆ. ಅದು ದಾಟಿದರೆ ಬಿಟ್ಟುಕೊಡುತ್ತವೆ. 430 ವೋಲ್ಟಿನ ವೇರಿಸ್ಟರ್ ಬೇಕೆಂದರೆ ದಪ್ಪದ ದಿಕ್ಕಿನಲ್ಲಿ ಇಂಥ ಸುಮಾರು 140 ಗಡಿಗಳಿರಬೇಕು. ಬಿಟ್ಟುಕೊಡುವ ವೇಗವೇ ಸೋಜಿಗ. ಪ್ರವಾಹ ವೋಲ್ಟೇಜಿನ 30ನೆಯ ಘಾತದಂತೆ ಏರುತ್ತದೆ ಎಂದಿಟ್ಟುಕೊಂಡರೆ, ವೋಲ್ಟೇಜ್ ಶೇಕಡ 10 ಹೆಚ್ಚಿದಾಗ ಪ್ರವಾಹ 17 ಪಟ್ಟಾಗುತ್ತದೆ. ಓಮನ ನಿಯಮದಂತೆ ನಡೆಯುವ ರೋಧಕದಲ್ಲಿ ಅದು 1.1 ಪಟ್ಟು ಅಷ್ಟೆ.

ಹಾಗಾದರೆ ಇದು ಹೀರುವುದೇ? ಲೆಕ್ಕ ಹಾಕೋಣ. ನಮ್ಮ 230 ವೋಲ್ಟ್ ಸರಬರಾಜಿನ ಶಿಖರ 325 ವೋಲ್ಟ್. ಇದಕ್ಕೆ ಬಳಸುವ ವೇರಿಸ್ಟರಿನ ಮೇಲೆ ಸಾಮಾನ್ಯವಾಗಿ 14ಡಿ431ಕೆ ಎಂದಿರುತ್ತದೆ: 14 ಮಿಲಿಮೀಟರ್ ಬಿಲ್ಲೆ, 43ರ ಮುಂದೆ ಒಂದು ಸೊನ್ನೆ, ಅಂದರೆ 1 ಮಿಲಿಆಂಪಿಯರ್ ಹರಿಯುವಾಗ 430 ವೋಲ್ಟ್. 50 ಆಂಪಿಯರ್ ಹರಿದಾಗ ಇದೇ ಬಿಲ್ಲೆಯ ಮೇಲೆ 710 ವೋಲ್ಟಿನವರೆಗೂ ಇರಬಹುದು ಎಂದು ತಯಾರಕರ ಪಟ್ಟಿಯೇ ಹೇಳುತ್ತದೆ. ಪರೀಕ್ಷೆಗೆ ಬಳಸುವ ಪ್ರಮಾಣಿತ ಸ್ಪಂದವು ತೆರೆದ ತುದಿಗಳಲ್ಲಿ 6000 ವೋಲ್ಟ್, ಕೂಡಿಸಿದ ತುದಿಗಳಲ್ಲಿ 3000 ಆಂಪಿಯರ್. ಆಕರದ ರೋಧ 2 ಓಮ್ ಎಂದಾಯಿತು. ವೇರಿಸ್ಟರ್ ಸ್ಥೂಲವಾಗಿ 1000 ವೋಲ್ಟಿಗೆ ಹಿಡಿದು ನಿಲ್ಲಿಸಿದರೆ 2500 ಆಂಪಿಯರ್ ಹರಿಯುತ್ತದೆ, ಉಳಿದ 5000 ವೋಲ್ಟ್ ಆಕರದ ರೋಧದಲ್ಲಿ ಬೀಳುತ್ತದೆ. ಪ್ರವಾಹ 8 ಮೈಕ್ರೊಸೆಕೆಂಡಿನಲ್ಲಿ ಶಿಖರಕ್ಕೇರಿ 20 ಮೈಕ್ರೊಸೆಕೆಂಡಿಗೆ ಅರ್ಧವಾಗುವುದರಿಂದ ಬಿಲ್ಲೆಯಲ್ಲಿ ಶಾಖವಾಗುವುದು 50 ಜೂಲ್ ಆಸುಪಾಸು. 50 ವಾಟ್ ಬಲ್ಬು ಒಂದು ಸೆಕೆಂಡು ಉರಿದಷ್ಟು! ಉಬ್ಬರದ ಬಹುಪಾಲು ಬಿಲ್ಲೆಯ ಹೊರಗೇ ವ್ಯಯವಾಯಿತು. ವೇರಿಸ್ಟರ್ ಮಾಡಿದ್ದು ಪ್ರವಾಹಕ್ಕೆ ದಾರಿ ಬಿಟ್ಟದ್ದು ಮಾತ್ರ. ಕೆರೆಯ ಕೋಡಿ ಮಾಡುವ ಕೆಲಸವೂ ಅದೇ ತಾನೆ? ಕೋಡಿ ನೀರನ್ನು ಕುಡಿಯುವುದಿಲ್ಲ, ಮಟ್ಟ ಏರದಂತೆ ಹರಿಯಬಿಡುತ್ತದೆ. ಮಕ್ಕಳಿಗೆ ಸ್ಪಂಜಿನ ಹೋಲಿಕೆ ಕೊಡುವ ಬದಲು ಕೋಡಿಯನ್ನು ತೋರಿಸಿ.

ಈಗ ಜೂಲ್ ಸಂಖ್ಯೆಗೆ ಬನ್ನಿ. ಒಂದೇ ವ್ಯಾಸದ ಎರಡು ಬಿಲ್ಲೆಗಳಲ್ಲಿ ಹೆಚ್ಚು ವೋಲ್ಟಿನದು ಹೆಚ್ಚು ದಪ್ಪ. ಆದ್ದರಿಂದ ಅದರ ಜೂಲ್ ಮಿತಿಯೂ ಹೆಚ್ಚು. ಆದರೆ ಅದು ಉಪಕರಣಕ್ಕೆ ಬಿಟ್ಟುಕೊಡುವ ವೋಲ್ಟೇಜೂ ಹೆಚ್ಚು. ಎತ್ತರದ ಕೋಡಿ, ಅಷ್ಟೆ. ಜೂಲ್ ನೋಡಿಯೇ ಆರಿಸಿದವರು ಕಡಿಮೆ ರಕ್ಷಣೆಯ ಬೋರ್ಡನ್ನು ಹೆಚ್ಚು ಬೆಲೆಗೆ ಕೊಳ್ಳುವ ಸಂಭವವಿದೆ. ಜೂಲ್ ಸಂಖ್ಯೆ ಬಿಲ್ಲೆಯ ಆಯುಷ್ಯಕ್ಕೆ ಸಂಬಂಧಿಸಿದ್ದು, ಉಪಕರಣದ ಕ್ಷೇಮಕ್ಕಲ್ಲ. (ನಾನು ಬಿಚ್ಚಿ ನೋಡಿದ ಅಗ್ಗದ ಬೋರ್ಡುಗಳಲ್ಲಿ ಒಂದೆರಡರಲ್ಲಿ ವೇರಿಸ್ಟರೇ ಇರಲಿಲ್ಲ. ಸ್ವಿಚ್ಚು, ಫ್ಯೂಸು, ಒಂದು ಕೆಂಪು ನಿಯಾನ್ ದೀಪ!)

ಕೋಡಿಯ ಮುಂದಿನ ಕಾಲುವೆಯೂ ಸರಿಯಿರಬೇಕು. ನೇರ ತಂತಿಯ ಪ್ರೇರಕತ್ವ ಮೀಟರಿಗೆ ಸುಮಾರು 1 ಮೈಕ್ರೊಹೆನ್ರಿ. 8 ಮೈಕ್ರೊಸೆಕೆಂಡಿನಲ್ಲಿ 2500 ಆಂಪಿಯರ್ ಏರಿದರೆ ಒಂದು ಮೀಟರ್ ತಂತಿಯ ಮೇಲೆಯೇ 310 ವೋಲ್ಟ್ ಬೀಳುತ್ತದೆ. ವೇರಿಸ್ಟರಿನ ಕಾಲುಗಳನ್ನು ಉದ್ದ ಬಿಟ್ಟು ಬೆಸುಗೆ ಹಾಕಿದರೆ ಅದರ ಪ್ರಯೋಜನವನ್ನು ನಾವೇ ಕಳೆದಂತಾಯಿತು. ಇನ್ನು ಭೂಸಂಪರ್ಕ. ಫೇಸ್ ಮತ್ತು ನ್ಯೂಟ್ರಲ್ ನಡುವಿನ ವೇರಿಸ್ಟರಿಗೆ ಅದು ಬೇಕಿಲ್ಲ. ಈ ಎರಡರಿಂದ ಭೂಮಿಗೆ ಜೋಡಿಸಿದ ವೇರಿಸ್ಟರುಗಳಿಗೆ ಬೇಕೇ ಬೇಕು. ಶಾಲೆಯ ಗಣಕ ಕೊಠಡಿಯಲ್ಲಿ ಮೂರನೆಯ ಪಿನ್ನಿಗೆ ತಂತಿಯೇ ಹೋಗಿಲ್ಲವೆಂದಾದರೆ ಅವು ಇದ್ದೂ ಇಲ್ಲದಂತೆ. ಸಿಡಿಲು ನೇರವಾಗಿ ಬಡಿದಾಗ ಬರುವ ಹತ್ತಾರು ಸಾವಿರ ಆಂಪಿಯರುಗಳಿಗಂತೂ ಈ ಚಿಕ್ಕ ಬಿಲ್ಲೆ ಲೆಕ್ಕಕ್ಕಿಲ್ಲ. ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡುವ ಹಳ್ಳಿಯವರ ರೂಢಿಯೇ ಮೇಲು.

ಪೆಟ್ಟಿಗೆಯಲ್ಲಿ ಕಾಣದ, ಜೀವಕ್ಕೇ ಸಂಬಂಧಿಸಿದ ವಿಷಯ ಇನ್ನೊಂದಿದೆ. ವೇರಿಸ್ಟರ್ ಮೈಕ್ರೊಸೆಕೆಂಡುಗಳ ಉಬ್ಬರಕ್ಕಾಗಿ ಮಾಡಿದ್ದು. ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದಾಗ ಕಡಿಮೆ ಹೊರೆಯಿರುವ ಫೇಸಿನ ಮನೆಗಳಲ್ಲಿ ವೋಲ್ಟೇಜ್ 400ರ ಸಮೀಪಕ್ಕೆ ಏರಿ ನಿಮಿಷಗಟ್ಟಲೆ ಹಾಗೆಯೇ ಇರಬಹುದು. ಆಗ ಅರ್ಧ ಆವರ್ತಕ್ಕೊಮ್ಮೆ ಬಿಲ್ಲೆ ವಾಹಕವಾಗಿ, ಕಾದು, ಸಿಡಿಯಬಹುದು, ಸುತ್ತಲ ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತಬಹುದು. ಬಿಲ್ಲೆಗೆ ತಾಗಿದಂತೆ ಉಷ್ಣ ಫ್ಯೂಸ್ ಇರಬೇಕೆನ್ನುವುದು ಇದಕ್ಕೇ. ಪ್ರತಿ ದೊಡ್ಡ ಉಬ್ಬರವೂ ಬಿಲ್ಲೆಯನ್ನು ಸ್ವಲ್ಪ ಸ್ವಲ್ಪ ಸವೆಸುತ್ತದೆ. ಅನೇಕ ಬೋರ್ಡುಗಳ ದೀಪವೋ ವಿದ್ಯುತ್ ಇದೆ ಎಂದಷ್ಟೇ ಹೇಳುತ್ತದೆ, ರಕ್ಷಣೆ ಉಳಿದಿದೆ ಎಂದಲ್ಲ.

ಕಡಿಮೆ ವೋಲ್ಟಿನ ಮಂಡಲಗಳಲ್ಲಿ ಇದೇ ಕೆಲಸವನ್ನು ಸಿಲಿಕಾನಿನ ಟಿ.ವಿ.ಎಸ್. ಡಯೋಡ್ ಮಾಡುತ್ತದೆ. ದಶಕಗಳಿಂದ ಕರಿಹಲಗೆಯ ಮೇಲೆ ಜೀನರ್ ರೇಖೆಯನ್ನು ಲಂಬವಾಗಿ ಎಳೆಯುತ್ತ ಬಂದಿದ್ದೇವೆ. ಪಿ6ಕೆಇ15ಎ ಎಂಬ ಡಯೋಡಿನ ಪಟ್ಟಿ ತೆರೆಯಿರಿ: ಹೆಸರಿಗೆ 15 ವೋಲ್ಟ್, 28 ಆಂಪಿಯರ್ ಹರಿದಾಗ 21.2 ವೋಲ್ಟ್. ರೇಖೆ ವಾಲುತ್ತದೆ, ಆ ವಾಲುವಿಕೆಯೇ ಐ.ಸಿ.ಯ ಅಳಿವು ಉಳಿವನ್ನು ನಿರ್ಧರಿಸುತ್ತದೆ. ಹೆಸರಿನಲ್ಲೂ ಗೊಂದಲವಿದೆ. ಕ್ಲಾರೆನ್ಸ್ ಜೀನರ್ 1934ರಲ್ಲಿ ವಿವರಿಸಿದ ಸುರಂಗ ಪರಿಣಾಮ ಪ್ರಧಾನವಾಗಿರುವುದು ಸುಮಾರು 5 ವೋಲ್ಟಿಗಿಂತ ಕೆಳಗಿನ ಡಯೋಡುಗಳಲ್ಲಿ. ಅದಕ್ಕಿಂತ ಮೇಲಿನವುಗಳಲ್ಲಿ ನಡೆಯುವುದು ಅವಲಾಂಚ್ ಕ್ರಿಯೆ. ಪರೀಕ್ಷಿಸುವುದು ಸುಲಭ. 3.3 ಮತ್ತು 15 ವೋಲ್ಟಿನ ಎರಡು ಡಯೋಡುಗಳಲ್ಲಿ ಸ್ಥಿರ ಪ್ರವಾಹ ಹರಿಸಿ, ಕಾದ ಬೆಸುಗೆ ಕಡ್ಡಿಯನ್ನು ಹತ್ತಿರ ಹಿಡಿಯಿರಿ. ಮೊದಲನೆಯದರ ವೋಲ್ಟೇಜ್ ಇಳಿಯುತ್ತದೆ, ಎರಡನೆಯದರದು ಏರುತ್ತದೆ.

ವೇರಿಸ್ಟರನ್ನೂ ತರಗತಿಗೆ ತನ್ನಿ, ಆದರೆ ಮನೆಯ ಸರಬರಾಜಿಗೆ ಖಂಡಿತ ಜೋಡಿಸಬೇಡಿ. 22 ವೋಲ್ಟಿನದನ್ನು 1 ಕಿಲೊ ಓಮ್ ರೋಧಕದೊಡನೆ ಶ್ರೇಣಿಯಲ್ಲಿರಿಸಿ, 0–30 ವೋಲ್ಟಿನ ಡಿ.ಸಿ. ಆಕರದಿಂದ ಓದಿಕೆಗಳನ್ನು ತೆಗೆದು ಲಾಗ್-ಲಾಗ್ ಹಾಳೆಯಲ್ಲಿ ಗುರುತಿಸಿ, ಓಟವೇ ಘಾತ. ಅಂಗಡಿಯಲ್ಲಿ ಕೇಳುವಾಗ ಒಂದು ಎಚ್ಚರ: ಅದರ ಮೇಲೆ 220ಕೆ ಎಂದಿರುತ್ತದೆ, 22ರ ಮುಂದೆ ಸೊನ್ನೆಗಳಿಲ್ಲ ಎಂದರ್ಥ. 220 ವೋಲ್ಟಿನದೆಂದು ತಿಳಿದು ಯಾರೂ ಗೋಡೆಯ ಪ್ಲಗ್ಗಿಗೆ ಸಿಕ್ಕಿಸದಂತೆ ನೋಡಿಕೊಳ್ಳಿ.