ಹಿರೇರ ಫೋಟೊ ಹೆಂಗ ಇರಬೇಕು

ಊರಾಗ ಯಾರರೆ ತೀರಿಕೊಂಡ್ರ, ಮಣ್ಣು ಮಾಡಿ ಬಂದ ಮ್ಯಾಲ ಮನಿಯೊಳಗ ಏಳೋ ಮಾತು ಒಂದು ಅದ: "ಯಾವ ಫೋಟೊ ಕಟ್ಟು ಹಾಕಿಸೋದು?" ಪದ, ಕಥೆ, ನಾಟಕದ ಮ್ಯಾಲ ತಿಳಿದವರು ವಿಮರ್ಶೆ ಬರೀತಾರ. ಸತ್ತವರ ಫೋಟೊದ ಮ್ಯಾಲ ಯಾರೂ ಬರದದ್ದು ನಾ ಓದಿಲ್ಲ. ಆದರ ನಮ್ಮ ಹಳ್ಳಿ ಮನಿಯೊಳಗ ಪುಸ್ತಕ ಇರಲಿ ಬಿಡಲಿ, ಗ್ವಾಡಿಗೆ ಹಿರೇರದು ಒಂದು ಫೋಟೊ ಇರತದ. ದಿನಾ ನೋಡತೀವಿ, ದಿನಾ ಕೈ ಮುಗಿತೀವಿ. ಅಷ್ಟು ನೋಡೋ ವಸ್ತು ಛಲೋ ಅದನೋ ಇಲ್ಲೋ ಅಂತ ಕೇಳೋದು ತಪ್ಪಲ್ಲ. ಭಜನಿ ಮೇಳದ ಜೋಡಿ ಮೂವತ್ತೈದು ವರ್ಷ ಸಾವಿನ ಮನಿಗೆ ಹೋಗೇನಿ. ರಾತ್ರಿ ಪೂರಾ ಆ ಫೋಟೊದ ಎದುರಿಗೇ ಕುಂತು ಹಾಡಬೇಕಾಗತದ. ಹಾಡಿಕೋತ ನೋಡಿದ್ದನ್ನೇ ಇಲ್ಲಿ ಬರದೀನಿ.

ಈಗ ಲಾತೂರ, ಉದಗೀರ, ನಿಲಂಗಾ ಪ್ಯಾಟಿಗೆ ಹೋದ್ರ ಬರೇ ಕಟ್ಟು ಹಾಕಿದ ಫೋಟೊ ಅಷ್ಟೇ ಅಲ್ಲ. ಚಹಾದ ಕಪ್ಪಿನ ಮ್ಯಾಲ ಮುಖ, ತಲೆದಿಂಬಿನ ಮ್ಯಾಲ ಮುಖ, ಗಡಿಯಾರದೊಳಗ ಮುಖ, ಕೀಲಿ ಸರಪಳಿಗೆ ಮುಖ, ಕಟ್ಟಿಗಿ ಮ್ಯಾಲ ಸುಟ್ಟು ತೆಗೆದ ಮುಖ, ಒಳಗ ಲೈಟ್ ಹತ್ತೋ ಗಾಜಿನ ಗಟ್ಟಿ. ಇಷ್ಟರೊಳಗ ಆರಿಸೋದು ಕಷ್ಟ. ದುಃಖದಾಗ ಇದ್ದವರು ಅಂಗಡಿಯವ ತೋರಿಸಿದ್ದನ್ನೇ ತರತಾರ. ಯಾವುದು ಛಲೋ ಅನ್ನಲಿಕ್ಕೆ ನಮ್ಮ ಕೈಯಾಗ ಒಂದು ಅಳತಿ ಬೇಕು. ಆ ಅಳತಿ ನಮ್ಮ ಹಿರೇರು ಕಲ್ಲಿನ ಮ್ಯಾಲ ಇಟ್ಟು ಹೋಗ್ಯಾರ.

ಕನ್ನಡ ನಾಡಿನ ತುಂಬ, ಮರಾಠಿ ಸೀಮಿಯೊಳಗೂ, ಗುಡಿ ಮುಂದ, ಊರ ಅಗಸಿ ಹತ್ರ ವೀರಗಲ್ಲು ಕಾಣತಾವ. ಬಹಳ ಮಾಡಿ ಮೂರು ಅಂತಸ್ತು ಇರತಾವ. ಕೆಳಗ ಅವ ಹೆಂಗ ಬಡಿದಾಡಿ ಸತ್ತ ಅನ್ನೋದು. ನಡುವ ಅಪ್ಸರೆಯರು ಅವನನ್ನು ಕರಕೊಂಡು ಹೋಗೋದು. ಮ್ಯಾಲ ಲಿಂಗದ ಮುಂದ ಅವ ಕುಂತದ್ದು, ನೆತ್ತಿಗೆ ಸೂರ್ಯ ಚಂದ್ರ. ಮುಖ ನೋಡಿದ್ರ ಎಲ್ಲಾ ಕಲ್ಲಿನೊಳಗ ಹೆಚ್ಚುಕಡಿಮೆ ಒಂದೇ ಥರ. ಕಲ್ಲು ಕೊರೆದವ ಮುಖದ ಹಿಂದ ಬಿದ್ದಿಲ್ಲ. ಇವ ಏನು ಮಾಡಿದ, ಯಾರ ದನ ಉಳಿಸಲಿಕ್ಕೆ ಹೋಗಿ ಸತ್ತ ಅನ್ನೋದನ್ನ ಕೊರದಾನ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನ ಕಥೆ ಶಾಲಿ ಗುರುಜಿಗಳಿಗೆ ಗೊತ್ತಿರತದ. ಅದು ಸುಮಾರು 950ನೇ ಇಸವಿದು, ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದ್ದು. ಗಂಗ ದೊರೆ ಬೂತುಗ ತನ್ನ ವೀರ ಮಣಲೇರನ ಪರಾಕ್ರಮಕ್ಕ ಮೆಚ್ಚಿ, ಬೇಕಾದ್ದು ಕೇಳು ಅಂದ. ಅವ ಹೊನ್ನು ಕೇಳಲಿಲ್ಲ, ಕಾಳಿ ಅನ್ನೋ ನಾಯಿ ಕೇಳಿದ. ಆ ನಾಯಿ ಮುಂದ ಕಾಡಹಂದಿ ಕೂಡ ಕಾದಾಡಿ, ಹಂದಿನೂ ಸತ್ತಿತು, ನಾಯಿನೂ ಸತ್ತಿತು. ಆ ನಾಯಿ ಸಲುವಾಗಿ ಕಲ್ಲು ನಿಲ್ಲಿಸ್ಯಾರ. ನಾಯಿ ಹಂದಿ ಕಾದಾಡೋದು ಕೊರಸ್ಯಾರ, ಹೆಸರು ಬರಸ್ಯಾರ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಾಗ ಅದ. ಸಾವಿರ ವರ್ಷ ದಾಟಿದ ಮ್ಯಾಲೂ ಒಂದು ನಾಯಿ ಹೆಸರು ನಮಗ ಗೊತ್ತದ. ನಮ್ಮ ಮುತ್ಯಾನ ಅವ್ವನ ಹೆಸರು ಏನು ಅಂತ ಕೇಳಿದ್ರ ನಮ್ಮೊಳಗ ಎಷ್ಟು ಜನ ಹೇಳತೀರಿ?

ನೆನಪಿನ ವಸ್ತುವಿನೊಳಗ ಮಾಡಿದ ಕೆಲಸ ಕಾಣಬೇಕು, ಹೆಸರು ಇರಬೇಕು. ಕಲ್ಲು ಹೇಳೋದು ಇಷ್ಟು. ಫೋಟೊ ಬಂದ ಮ್ಯಾಲ ಇದಕ್ಕ ಮುಖ ಕೂಡಿತು. ಮುಖ ಕೂಡಿದ ಮ್ಯಾಲ ನಾವು ಉಳಿದ ಎರಡನ್ನೂ ಮರತೀವಿ. ನನ್ನ ತಕರಾರು ಇದು.

ಫೋಟೊ ತೆಗಿಯೋ ವಿದ್ಯೆ 1839ರಲ್ಲಿ ಜಗತ್ತಿಗೆ ಗೊತ್ತಾಯಿತು. ನಮ್ಮದು ಆಗ ನಿಜಾಮರ ಸೀಮೆ. ಆರನೇ ನಿಜಾಮರ ದರಬಾರದಾಗ ರಾಜಾ ದೀನದಯಾಳ ಅನ್ನೋ ದೊಡ್ಡ ಫೋಟೊಗಾರ ಇದ್ದರು. ಪಡದಾದ ಹೆಣ್ಣುಮಕ್ಕಳ ಸಲುವಾಗಿ 1892ರಲ್ಲಿ ಹೈದರಾಬಾದಿನಾಗ ಬ್ಯಾರೆ ಸ್ಟುಡಿಯೊ ತೆರೆದಿದ್ದರು. ಹಂಗಾಗಿ ನವಾಬರ ಮುಖ, ಅವರ ಬೇಗಂದಿರ ಮುಖ ಉಳಿದವು. ಅದೇ ಕಾಲದಾಗ ಮಾಂಜರಾ, ತೇರಣಾ ದಂಡಿಗೆ ಜ್ವಾಳ ಬಿತ್ತಿದ ನಮ್ಮವರದು ಒಂದೂ ಇಲ್ಲ.

ಮುಂದ ತಾಲೂಕಿನ ಊರಿಗೂ ಸ್ಟುಡಿಯೊ ಬಂದವು. ಹಿಂದ ಬಣ್ಣದ ಪಡದಾ, ಗೂಟಕ್ಕ ಒಂದು ಕರೀ ಕೋಟು. ಧೋತರದ ಮ್ಯಾಲ ಆ ಕೋಟು ತೊಟ್ಟು ಕುರ್ಚಿ ಮ್ಯಾಲ ಕುಂತ ಮುತ್ಯಾಗಳ ಫೋಟೊ ನೀವೂ ನೋಡೀರಿ. ಅದನ್ನು ನಾ ಸುಳ್ಳು ಅನ್ನೋದಿಲ್ಲ. ಕೋಟು ಅಂಗಡಿದು ಇದ್ದರೂ ತೊಟ್ಟವ ಅವನೇ. ಒಂದು ದಿನ ಸಾಹೇಬ ಆಗಿ ಕುಂಡ್ರಬೇಕು ಅನ್ನೋ ಆಸೆ ಅವಂದೇ. ತೋಳು ಗಿಡ್ಡ ಆಗಿ ಮುಂಗೈ ಹೊರಗ ಬಂದದ್ದು ಕಾಣತದ. ಆ ಮುಂಗೈ ನೋಡಿದ್ರ ಅವ ಒಕ್ಕಲಿಗ ಅಂತ ತಿಳಿತದ. ಅದು ಖರೇ ಫೋಟೊ.

ಈಗಿಂದು ಹಂಗಲ್ಲ. ನಮ್ಮ ಹಳೇ ಹೆಣ್ಣುಮಕ್ಕಳು ಸ್ಟುಡಿಯೊ ಮೆಟ್ಟಲ ಹತ್ತಿಲ್ಲ. ಮತದಾರರ ಚೀಟಿಗೆ ಫೋಟೊ ಹಚ್ಚಬೇಕು ಅಂತ ಚುನಾವಣಾ ಆಯೋಗ 1993ರಲ್ಲಿ ಶುರು ಮಾಡಿತು. ಎಷ್ಟೋ ಆಯಿಗಳಿಗೆ ಜನ್ಮದಾಗ ತೆಗೆಸಿದ ಮೊದಲ ಫೋಟೊ ಅದು, ಕಡೀದೂ ಅದೇ. ಪಾಸ್‌ಪೋರ್ಟ್ ಫೋಟೊ ಅಂದ್ರ ಮೂರೂವರೆ ಸೆಂಟಿಮೀಟರ್ ಅಗಲ, ನಾಲ್ಕೂವರೆ ಎತ್ತರ. ಚೀಟಿ ಮ್ಯಾಲಿಂದು ಅದಕ್ಕೂ ಸಣ್ಣದು. ಅದನ್ನು 12 ಇಂಚು ಅಗಲ, 18 ಇಂಚು ಎತ್ತರ ಮಾಡು ಅಂದ್ರ ಹತ್ತು ಪಟ್ಟು ಹಿಗ್ಗಿಸಬೇಕು. ಅಷ್ಟು ಹಿಗ್ಗಿಸಲಿಕ್ಕೆ ಆ ಚೂರು ಕಾಗದದಾಗ ಮುಖ ಎಲ್ಲದ? ಕಂಪ್ಯೂಟರ್ ತನ್ನ ಕಡಿಂದ ತುಂಬತದ. ಕಣ್ಣು ತಿದ್ದತದ, ಸುಕ್ಕು ಅಳಿಸತದ, ಹಲ್ಲು ಕೂಡಸತದ. ಈಗ ಎಐ ಅಂತ ಬಂದದ, ಅದು ಸತ್ತವರನ್ನು ನಗಿಸಿ ತೋರಿಸತದ.

ಒಂದು ಮನಿಯೊಳಗ ಹಿಂಗ ಆಗಿದ್ದು ನೋಡೇನಿ. ತೀರಿಕೊಂಡ ಆಯಿ ಜನ್ಮ ಪೂರ್ತಿ ಇಳಕಲ್ ಸೀರಿ ಸೆರಗು ತಲಿ ಮ್ಯಾಲ ಹೊತ್ತಾಕಿ. ಕಳೆ ತೆಗೆದು ತೆಗೆದು ಮುಖ ಬಿಸಲಿಗೆ ಕರ್ರಗಾಗಿತ್ತು, ಹಣಿ ಮ್ಯಾಲ ಹಸರು ಹಚ್ಚೆ ಇತ್ತು. ಅಂಗಡಿಂದ ಬಂದ ಫೋಟೊದಾಗ ಬೆಳ್ಳಗಿನ ಒಬ್ಬ ಹೆಣ್ಣುಮಗಳು ರೇಷ್ಮಿ ಸೀರಿ ಉಟ್ಟು ಸೋಫಾದ ಮ್ಯಾಲ ಕುಂತಾಳ, ಹಿಂದ ಹಿಮದ ಗುಡ್ಡ. ಹಚ್ಚೆ ಕಲಿ ಅಂತ ತಿಳಿದು ಅಳಿಸಿಬಿಟ್ಟಾರ. ನಾಲ್ಕು ವರ್ಷದ ಮೊಮ್ಮಗಳು ನೋಡಿ, "ಇವರ್ಯಾರು?" ಅಂತ ಕೇಳಿತು. ಆ ಕೂಸಿಗಿಂತ ದೊಡ್ಡ ವಿಮರ್ಶಕ ಯಾರದಾರ? ಮನಿ ಮಂದಿ ಗುರುತು ಹಿಡೀಲಾರದ ಫೋಟೊ ಎಷ್ಟು ಚಂದ ಇದ್ದರೂ ಕೆಟ್ಟ ಫೋಟೊ.

ಇದಕ್ಕ ಮಗ ಕೊಟ್ಟ ಉತ್ತರನೂ ಬರಿಬೇಕು, ಇಲ್ಲಂದ್ರ ನ್ಯಾಯ ಆಗೋದಿಲ್ಲ. "ಕಾಕಾ, ನಮ್ಮವ್ವ ಜನ್ಮದಾಗ ರೇಷ್ಮಿ ಸೀರಿ ಉಡಲಿಲ್ಲ. ಫೋಟೊದಾಗರೆ ಉಡಲಿ ಅಂತ ಮಾಡಿಸೀನಿ" ಅಂದ. ಈ ಮಾತಿಗೆ ನಗಬಾರದು. ಬಡತನದಾಗ ಬೆಳೆದ ಮಗ ಅವ್ವಗ ಕೊಡಲಿಕ್ಕೆ ಆಗದ್ದನ್ನು ಹಿಂಗ ಕೊಡತಾನ. ಆದರ ಕೋಟು ತೊಟ್ಟ ಮುತ್ಯಾಗೂ ಈ ಆಯಿಗೂ ಒಂದು ಫರಕ ಅದ. ಅವ ತಾನಾಗಿ ತೊಟ್ಟ. ಈಕಿಗೆ ಯಾರೂ ಕೇಳಿಲ್ಲ. ರೇಷ್ಮಿ ಸೀರಿ ಉಡಿಸೋದಾದ್ರ ಉಡಿಸ್ರಿ, ಆದರ ಮುಖಕ್ಕ ಕೈ ಹಚ್ಚಬ್ಯಾಡ್ರಿ, ಹಚ್ಚೆ ಅಳಿಸಬ್ಯಾಡ್ರಿ. ಹಿಂದ ಬರೀರಿ, ಸೀರಿ ಮಗ ಉಡಿಸಿದ್ದು ಅಂತ. ಆವಾಗ ಅದು ಸುಳ್ಳಾಗೋದಿಲ್ಲ, ಮಗನ ಆಸೆನೂ ಉಳಿತದ. ಮೂಲದ ಆ ಸಣ್ಣ ಫೋಟೊ ಮಾತ್ರ ಅಂಗಡಿಯೊಳಗ ಬಿಟ್ಟು ಬರಬ್ಯಾಡ್ರಿ.

ಪದಕ್ಕೂ ಇದೇ ಮಾತು. ತೀರಿಕೊಂಡವರ ಮ್ಯಾಲ ಒಂದು ಪದ ಕಟ್ಟು ಅಂತ ನನಗ ಕೇಳತಾರ. ಪುಣ್ಯವಂತ, ಧರ್ಮವಂತ, ಬಂಗಾರದ ಗುಣ ಅಂತ ಕಟ್ಟಿದ್ರ ಹೆಸರು ಬದಲಿಸಿ ಯಾರ ಮನಿಯೊಳಗರೆ ಹಾಡಬಹುದು. ಯಾರೂ ಅಳೋದಿಲ್ಲ, ತಲಿ ಅಲ್ಲಾಡಸತಾರ ಅಷ್ಟೇ. ಮಿರಗದ ಮಳಿಗೆ ಮೊದಲ ಕೂರಿಗಿ ಇವಂದೇ ಹೊರಡತಿತ್ತು, ಎತ್ತಿಗೆ ಬಾರಕೋಲು ಎತ್ತಿದವ ಅಲ್ಲ, ಎಡಗಿವಿ ಕೇಳತಿದ್ದಿಲ್ಲ ಅಂತ ಕಟ್ಟಿದ್ರ, ಮೊದಲ ನುಡಿಗೇ ಮನಿ ಮಂದಿ ಕಣ್ಣೀರು ತೆಗಿತಾರ. ಎಲ್ಲರಿಗೂ ಹೊಂದೋ ಪದ ಯಾರ ಪದನೂ ಅಲ್ಲ. ಹಿಮದ ಗುಡ್ಡದ ಫೋಟೊನೂ ಹಂಗೇ.

ಇನ್ನು ವಸ್ತುಗಳ ಮಾತು. ಕಪ್ಪಿನ ಮ್ಯಾಲ ಮುಖ ಹಾಕಿಸೋದು ನನಗ ಒಪ್ಪಿಗಿ ಇಲ್ಲ. ಅದು ಶಾಖ ಕೊಟ್ಟು ಒತ್ತಿದ ಬಣ್ಣ, ತಿಕ್ಕಿ ತೊಳೆದ್ರ ದಿನಾ ಹೋದಂಗ ಮಾಸತದ. ಒಂದು ದಿನ ಕಪ್ಪು ಒಡಿತದ. ಅಪ್ಪನ ಮುಖ ಇದ್ದ ಬೋಕಿ ಎಲ್ಲಿ ಚೆಲ್ಲತೀರಿ, ತಿಪ್ಪಿಗೇನು? ದಿಂಬು ಕಾಲಾಗ ಬರತದ. ಚೌಕಿನ ಫ್ಲೆಕ್ಸ್ ಬ್ಯಾನರ್ ಅಂತೂ ನೋಡೇ ಇರತೀರಿ: ನಡುವ ಸತ್ತವರು ಸಣ್ಣಗೆ, ಸುತ್ತ ಶೋಕ ಮಾಡೋರ ಮುಖ ದೊಡ್ಡಗೆ. ಮಳಿಗಾಲಕ್ಕ ಅದೇ ಬ್ಯಾನರ್ ಕಣಕಿ ಬಣವಿ ಮ್ಯಾಲ ಹೊಚ್ಚತಾರ.

ಹೆಸರು ಕೊರೆಸಿದ ಸ್ಟೀಲಿನ ತಂಬಗಿ, ತಾಟು ಹಂಚೋ ಪದ್ಧತಿ ನಮ್ಮ ಕಡಿ ಅದ. ಅದಕ್ಕ ನಾ ಹೆಚ್ಚು ಮಾರ್ಕು ಕೊಡತೀನಿ. ಮುಖ ಇರೋದಿಲ್ಲ ಖರೆ. ಆದರ ಹೆಸರು, ಊರು, ತಾರೀಖು ಇರತಾವ, ದಿನಾ ನೀರು ಕುಡಿಲಿಕ್ಕೆ ಬರತದ, ಇಪ್ಪತ್ತು ವರ್ಷ ಆದ ಮ್ಯಾಲ ಮೊಮ್ಮಗ ಓದಿ "ಇವರ್ಯಾರು?" ಅಂತ ಕೇಳತಾನ. ಹೊಲದ ಸಮಾಧಿಗೆ ಕರೀ ಗ್ರಾನೈಟ್ ಮ್ಯಾಲ ಮುಖ ಕೊರಸೋದೂ ಛಲೋನೇ, ಬಿಸಲು ಮಳಿ ತಾಳತದ. ಮುಖದ ಕೆಳಗ ಮಕ್ಕಳ ಹೆಸರಿಗಿಂತ ಮೊದಲು ಅವರು ಏನು ಮಾಡತಿದ್ದರು ಅಂತ ಒಂದು ಸಾಲು ಇರಲಿ: ಬಡಿಗ್ಯಾ, ಸೂಲಗಿತ್ತಿ, ಕೂರಿಗಿ ಹಿಡಿಯೋದರಾಗ ಜಾಣ, ಹಿಂಗ ಏನರೆ.

ಇಷ್ಟ್ಯಾಕ ಬರೀಬೇಕು ಅಂದ್ರ, ಫೋಟೊ ಹೋಗೋದು ಏನು ಅಂತ ನಮ್ಮ ಸೀಮೆಗೆ ಗೊತ್ತದ. 1993ರ ಸೆಪ್ಟೆಂಬರ್ 30ರ ನಸುಕಿನಾಗ, ನಾಲ್ಕು ಹೊಡಿಯೋದಕ್ಕ ಮೊದಲು, ಕಿಲ್ಲಾರಿ ಭೂಕಂಪ ಆಯಿತು. ಗಣಪತಿ ಕಳಿಸಿ ಬಂದು ಮಲಗಿದ ರಾತ್ರಿ ಅದು. ಔಸಾ, ನಿಲಂಗಾ, ಉಮರ್ಗಾ ಸೀಮೆಯ ಕಲ್ಲು ಮಣ್ಣಿನ ದಪ್ಪ ಗ್ವಾಡಿ ಬಿದ್ದು ಹತ್ತು ಸಾವಿರದ ಹತ್ರ ಜನ ಸತ್ತರು. ಮುಂದ 52 ಊರು ಬ್ಯಾರೆ ಜಾಗಕ್ಕ ಕಟ್ಟಿದರು. ಗ್ವಾಡಿ ಬಿದ್ದಾಗ ಗ್ವಾಡಿಯ ಫೋಟೊನೂ ಬಿದ್ದವು. ಹಡೆದವರ ಮುಖ ಮಕ್ಕಳಿಗೆ ತೋರಿಸಲಿಕ್ಕೆ ಒಂದು ಚೂರು ಕಾಗದ ಇಲ್ಲದ ಮಂದಿ ನಮ್ಮ ಬೀಗರೊಳಗೇ ಅದಾರ. ಜಪಾನಿನಾಗ 2011ರ ಮಾರ್ಚ್ 11ಕ್ಕ ಸುನಾಮಿ ಬಂದಾಗ, ಕೆಸರಿನಾಗ ಸಿಕ್ಕ ಲಕ್ಷಗಟ್ಟಲೆ ಫೋಟೊಗಳನ್ನು ಸ್ವಯಂಸೇವಕರು ಆರಿಸಿ, ತೊಳೆದು, ಒಣಗಿಸಿ, ವಾರಸುದಾರರಿಗೆ ಮುಟ್ಟಿಸಿದರು. ಉಣ್ಣಲಿಕ್ಕೆ, ಇರಲಿಕ್ಕೆ ಕೊಟ್ಟಂಗ ಮುಖನೂ ತಿರುಗಿ ಕೊಡಬೇಕು ಅಂತ ಅವರಿಗೆ ತಿಳಿದಿತ್ತು.

ಹಂಗಾಗಿ ಆರಿಸೋವಾಗ ನಾ ಹೇಳೋದು ಇಷ್ಟು. ಮುಖ ತಿಳಿಯಾಗಿ ಇದ್ದು, ಕೈಯೂ ಕಾಣೋ ಫೋಟೊ ಸಿಕ್ಕರ ಅದನ್ನೇ ಹಿಡೀರಿ. ಕಣದಾಗ, ಒಲಿ ಮುಂದ, ಪ್ಯಾಟಿ ಚೀಲ ಹಿಡಿದು ನಿಂತದ್ದಾದರೂ ನಡಿತದ. ಸಣ್ಣದನ್ನು ಎರಡು ಮೂರು ಪಟ್ಟಿಗಿಂತ ದೊಡ್ಡದು ಮಾಡಿಸಬ್ಯಾಡ್ರಿ, ಸಣ್ಣ ಕಟ್ಟಿನೊಳಗ ಖರೇ ಮುಖ ಇದ್ರ ಸಾಕು. ಅಂಗಡಿಯೊಳಗ ಮೂಲ ಫೋಟೊವನ್ನೇ 600 ಡಿಪಿಐ ಸ್ಕ್ಯಾನ್ ಮಾಡು ಅನ್ನರಿ. ವಾಟ್ಸಾಪಿನಾಗ ಫೋಟೊ ಅಂತ ಕಳಿಸಿದ್ರ ಅದು ಸಣ್ಣದಾಗತದ, ಡಾಕ್ಯುಮೆಂಟ್ ಅಂತ ಕಳಿಸಬೇಕು. ಕಟ್ಟು ಹಾಕಿಸುವಾಗ ಗಾಜಿಗೂ ಫೋಟೊಕ್ಕೂ ನಡುವ ರಟ್ಟಿನ ಅಂಚು ಇರಲಿ, ಇಲ್ಲಂದ್ರ ತಂಪಿಗೆ ಮುಖ ಗಾಜಿಗೆ ಹತ್ತಿಕೊಂಡುಬಿಡತದ. ಬಿಸಲು ಬೀಳೋ ಗ್ವಾಡಿ ಬ್ಯಾಡ. ಒಂದು ಪ್ರತಿ ಬ್ಯಾರೆ ಊರಿನ ಮಗಳ ಮನಿಯೊಳಗ ಇರಲಿ. ಒಂದು ಮನಿ ಬಿದ್ದರೂ ಮುಖ ಉಳಿತದ.

ಎಲ್ಲಕ್ಕಿಂತ ಹೆಚ್ಚಿಂದು ಹೆಸರು. ದಸರಾಕ್ಕ ಮನಿ ಸಾರಿಸಿ ಸುಣ್ಣ ಹಚ್ಚುವಾಗ ಹೆಂಗೂ ಫೋಟೊ ಇಳಸತೀರಿ. ಆವಾಗ ಒಂದೊಂದರ ಹಿಂದ, ರಟ್ಟಿನ ಮ್ಯಾಲ, ಪೆನ್ಸಿಲ್‌ನಿಂದ ನಾಲ್ಕು ಸಾಲು ಬರೀರಿ: ಯಾರು, ಯಾವ ಊರವರು, ಏನು ಮಾಡತಿದ್ದರು, ಫೋಟೊ ತೆಗೆದದ್ದು ಎಂದು ಎಲ್ಲಿ. ನಿಮಗ ಗೊತ್ತಿಲ್ಲಂದ್ರ ಮನಿಯ ಹಿರೇ ಜೀವಕ್ಕ ಕೇಳ್ರಿ. ಗುರುಜಿಗಳೇ, ಐದನೇ, ಆರನೇ ಇಯತ್ತೆಯ ಮಕ್ಕಳಿಗೆ ದಸರಾ ಸೂಟಿಗೆ ಇದೇ ಅಭ್ಯಾಸ ಕೊಡ್ರಿ. ಹೇಳೋ ಬಾಯಿ ಇನ್ನೂ ಅದಾವ, ಈ ವರ್ಷವೇ ಕೇಳಬೇಕು.