ಐವತ್ತರ ನೋಟಿನ ತೇರನ್ನು ಎಳೆದವರು

ಕಲೆ ಎಂದರೆ ಗೋಡೆಗೆ ತೂಗುಹಾಕಿ ದೂರ ನಿಂತು ನೋಡುವಂಥದು ಎಂದು ನಮ್ಮ ಪಂಡಿತರು ಹೇಳಿಕೊಂಡು ಬಂದಿದ್ದಾರೆ. ಬಂಟ್ವಾಳದ ಮೀನಿನ ಮಾರ್ಕೆಟಿನಲ್ಲಿ, ಬೆಳ್ತಂಗಡಿಯ ಬಸ್‌ಸ್ಟ್ಯಾಂಡಿನಲ್ಲಿ, ಮೂಡುಬಿದಿರೆಯ ಚಾದ ಅಂಗಡಿಯಲ್ಲಿ ದಿನಾ ಕೈಯಿಂದ ಕೈಗೆ ದಾಟುವ ಚಿತ್ರವೊಂದು ಉಂಟು. ಅದಕ್ಕೆ ಟಿಕೇಟಿಲ್ಲ, ಉದ್ಘಾಟನೆಯಿಲ್ಲ, ವಿಮರ್ಶಕನೂ ಇಲ್ಲ. ಅದು ನೋಟು.

ನಮ್ಮ ಅಜ್ಜಂದಿರ ಕೂಲಿಯನ್ನು ಜಗಲಿಯಿಂದ ಕೆಳಗೆ ಎಸೆಯುತ್ತಿದ್ದರು. ಕೈಗೆ ಕೈ ತಾಗಬಾರದು ಅಂತ. ಅದೇ ನೋಟು ಅಂಗಡಿಗೆ ಹೋದರೆ ದೇವರ ಪಟದ ಕೆಳಗಿನ ಗಲ್ಲಾಪೆಟ್ಟಿಗೆಗೆ ಸಲೀಸಾಗಿ ಇಳಿಯುತ್ತಿತ್ತು. ಕಾಗದಕ್ಕೆ ಮೈಲಿಗೆಯಿಲ್ಲ, ಹಿಡಿದವನಿಗೆ ಮಾತ್ರ ಮೈಲಿಗೆ. ಆದ್ದರಿಂದ ಈ ಕಾಗದದ ಮೇಲೆ ಏನು ಬರೆದಿದ್ದಾರೆ, ಯಾರನ್ನು ಬರೆದಿದ್ದಾರೆ ಎಂದು ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ನಮಗುಂಟು.

ಐವತ್ತರ ನೋಟನ್ನೇ ತೆಗೆದುಕೊಳ್ಳೋಣ. 2017ರಲ್ಲಿ ಬಂದದ್ದು, ಹೊಳೆಯುವ ನೀಲಿ. 135 ಮಿ.ಮೀ. ಉದ್ದ, 66 ಮಿ.ಮೀ. ಅಗಲ. ಇಷ್ಟು ಜಾಗದಲ್ಲಿ ಮಾಡಿದ ಕೆಲಸಕ್ಕೆ ನಾವು ತಲೆಬಾಗುತ್ತೇವೆ. ನೋಟಿನ ನಂಬರು ಸಣ್ಣ ಅಂಕಿಯಿಂದ ಶುರುವಾಗಿ ದೊಡ್ಡದಾಗುತ್ತ ಹೋಗುತ್ತದೆ. 50 ಎಂಬುದರ ಒಂದಿಷ್ಟು ಭಾಗ ಈಚೆ ಬದಿಗೆ, ಉಳಿದದ್ದು ಆಚೆ ಬದಿಗೆ ಅಚ್ಚಾಗಿದೆ. ಬೆಳಕಿಗೆ ಹಿಡಿದರೆ ಎರಡೂ ಕೂಡಿ ಪೂರ್ತಿ ಅಂಕಿ. ಪದ್ಯದಲ್ಲಿ ಎಲ್ಲವನ್ನೂ ಕೂಗಿ ಹೇಳಿಬಿಡುವ ನಾವು, ನಮ್ಮ ಗೆಳೆಯರು ಕಲಿಯತಕ್ಕ ವಿದ್ಯೆ ಇದು.

ನೂರು ಮತ್ತು ಅದಕ್ಕೆ ಮೇಲಿನ ನೋಟುಗಳಲ್ಲಿ ಇನ್ನೊಂದು ವಿಶೇಷ. ಅಂಚಿನಲ್ಲಿ ಶಾಯಿ ಉಬ್ಬಿಸಿ ಓರೆ ಗೆರೆ ಹಾಕುತ್ತಾರೆ. ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಕಣ್ಣು ಕಾಣದವರು ಬೆರಳಲ್ಲಿ ಓದಲಿ ಎಂದು. ಮುಟ್ಟಬೇಡ ಎನ್ನುವುದನ್ನೇ ಧರ್ಮ ಮಾಡಿಕೊಂಡ ದೇಶದಲ್ಲಿ ಮುಟ್ಟಿದರೇ ತಿಳಿಯುವ ಕಲೆ! ಆದರೆ ಬೀಡಿ ಕಟ್ಟಿ ಕಟ್ಟಿ ಬೆರಳ ತುದಿ ಸವೆದ ನಮ್ಮ ಅಪ್ಪೆಯಂದಿರಿಗೆ ಆ ಗೆರೆ ತಾಗುವುದೂ ಕಷ್ಟವೇ.

ನಮ್ಮ ತಕರಾರಿರುವುದು ಹಿಂಬದಿಯ ಚಿತ್ರದಲ್ಲಿ. ಅಲ್ಲಿ ಹಂಪಿಯ ಕಲ್ಲಿನ ತೇರು. ಹತ್ತರ ನೋಟಿನಲ್ಲಿ ಕೋನಾರ್ಕದ ಸೂರ್ಯದೇಗುಲ, ಅದೂ ತೇರಿನ ಆಕಾರದ್ದೇ. ಇಪ್ಪತ್ತರಲ್ಲಿ ಎಲ್ಲೋರ, ನೂರರಲ್ಲಿ ಗುಜರಾತಿನ ರಾಣಿಯ ಬಾವಿ, ಇನ್ನೂರರಲ್ಲಿ ಸಾಂಚಿ, ಐನೂರರಲ್ಲಿ ಕೆಂಪುಕೋಟೆ. ತೇರುಂಟು, ಹಗ್ಗ ಹಿಡಿದವರಿಲ್ಲ. ಬಾವಿಯುಂಟು, ನೀರು ಸೇದುವವರಿಲ್ಲ. ಯಾರು ಸೇದಬಹುದಿತ್ತು, ಯಾರು ದೂರ ನಿಂತು ಕಾಯಬೇಕಿತ್ತು ಎಂಬ ಪ್ರಶ್ನೆಯೂ ಇಲ್ಲ. ಕಲ್ಲನ್ನು ಹೊತ್ತವರನ್ನು ಅಳಿಸಿ ಕಲ್ಲನ್ನು ಮಾತ್ರ ಪರಂಪರೆ ಎಂದು ಕರೆಯುವ ಚಾಳಿ ಇದು. ನಾಳೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೋ 1604ರ ವೇಣೂರಿನ ಗೊಮ್ಮಟನನ್ನೋ ನೋಟಿಗೆ ಹಾಕಿದರೆ ನಮ್ಮೂರಿನವರಿಗೆ ಹೆಮ್ಮೆಯಾದೀತು. ನಮ್ಮ ತಕರಾರು ಆಗಲೂ ಇದೇ.

ಮೊದಲು ಹೀಗಿರಲಿಲ್ಲ. ಹಳೆಯ ಐದರ ನೋಟಿನಲ್ಲಿ ರೈತನೊಬ್ಬ ಟ್ರಾಕ್ಟರಿನಲ್ಲಿ ಉಳುತ್ತಿದ್ದ. ಎತ್ತೂ ಇಲ್ಲದವರ ಊರಿಗೆ ಟ್ರಾಕ್ಟರಿನ ಕನಸು, ಇರಲಿ, ಆದರೂ ದುಡಿಯುವ ಮನುಷ್ಯನಿದ್ದ. 2016ರ ನವೆಂಬರ್ 8ರ ರಾತ್ರಿ ರದ್ದಾದ ಐನೂರರ ನೋಟಿನ ಹಿಂಬದಿಯಲ್ಲಿ ದಂಡಿಯಾತ್ರೆಯಿತ್ತು. ದೇವಿಪ್ರಸಾದ್ ರಾಯ್ ಚೌಧುರಿಯವರ ಶಿಲ್ಪದ ಚಿತ್ರ. ಗಾಂಧಿಯ ಬೆನ್ನಿಗೆ ಜನ ನಡೆಯುತ್ತಿದ್ದರು. ಹೊಸ ನೋಟಿನಲ್ಲಿ ಗಾಂಧಿ ಉಳಿದರು, ಹಿಂದೆ ನಡೆದವರು ಹೋದರು, ಕೋಟೆ ಬಂತು.

ಭಾಷೆಯ ಪಟ್ಟಿಯೂ ಹಾಗೆಯೇ. ಹದಿನೈದು ಭಾಷೆಗಳಲ್ಲಿ ಮೌಲ್ಯ ಬರೆದಿದೆ, ಕನ್ನಡಕ್ಕೆ ನಾಲ್ಕನೆಯ ಸಾಲು, ಕೊಂಕಣಿಯೂ ಉಂಟು. ನಮ್ಮ ಅಪ್ಪೆ 'ಐವ' ಎಂದು ಎಣಿಸುವ ತುಳು ಇಲ್ಲ, ಬ್ಯಾರಿ ಇಲ್ಲ.

ಬೇರೆ ದೇಶದವರು ಮಾಡಿ ತೋರಿಸಿದ್ದಾರೆ. ಆಸ್ಟ್ರೇಲಿಯಾ 1995ರಲ್ಲಿ ಮೂಲನಿವಾಸಿ ಲೇಖಕ ಡೇವಿಡ್ ಯುನೈಪನ್ ಅವರ ಮುಖವನ್ನು ಐವತ್ತು ಡಾಲರಿನ ನೋಟಿಗೆ ತಂದಿತು. 1946ರಲ್ಲಿ ಸಿನಿಮಾ ಮಂದಿರದಲ್ಲಿ ಬಿಳಿಯರ ಸೀಟು ಬಿಟ್ಟೇಳಲು ಒಪ್ಪದ ಕಪ್ಪು ಹೆಂಗಸು ವಯೋಲಾ ಡೆಸ್ಮಂಡ್ 2018ರಲ್ಲಿ ಕೆನಡಾದ ಹತ್ತು ಡಾಲರಿನ ಮೇಲೆ ಬಂದರು. ಅದು ಆ ವರ್ಷದ ಶ್ರೇಷ್ಠ ನೋಟು ಎಂದು ಪ್ರಶಸ್ತಿಯನ್ನೂ ಪಡೆಯಿತು. 1923ರಲ್ಲೇ ರೂಪಾಯಿಯ ಸಮಸ್ಯೆಯ ಮೇಲೆ ಗ್ರಂಥ ಬರೆದ ಬಾಬಾಸಾಹೇಬರಿಗೆ ನಮ್ಮಲ್ಲಿ ಸಿಕ್ಕಿದ್ದು ನಾಣ್ಯ, ನೋಟಲ್ಲ.

ಚಿತ್ರ ಬರೆಯುವ ಕೈ ನಮ್ಮಲ್ಲಿಲ್ಲವೆ? ಕೋಲದ ರಾತ್ರಿ ನಲಿಕೆ, ಪರವ, ಪಂಬದ ಸಮುದಾಯದವರು ಅರದಾಳ ಅರೆದು ಮುಖಕ್ಕೆ ಎಳೆಯುವ ಗೆರೆ, ತೆಂಗಿನ ಎಳೆಗರಿ ಸೀಳಿ ಮಾಡುವ ಸಿರಿ ಯಾವ ನೋಟಿನ ಬಳ್ಳಿಗೆರೆಗೂ ಕಡಿಮೆಯದಲ್ಲ. ಬೆಳಿಗ್ಗೆ ಗರಿ ಬಾಡುತ್ತದೆ, ಬಣ್ಣ ತೊಳೆದು ಹೋಗುತ್ತದೆ. ಕೈಯಲ್ಲಿ ಉಳಿಯುವುದು ಬೇರೆಯವರ ಚಿತ್ರವಿರುವ ನಾಲ್ಕು ನೋಟು.

ಹಳ್ಳಿ ಶಾಲೆಯ ಮಾಸ್ಟ್ರುಗಳಲ್ಲಿ ಒಂದು ಕೇಳಿಕೆ. ಐವತ್ತರ ನೋಟಿನ ಅಳತೆಗೆ ಕಾಗದ ಕತ್ತರಿಸಿ ಮಕ್ಕಳಿಗೆ ಕೊಡಿ. (ಅಳತೆ ಮಾತ್ರ ಸಾಕು, ನಕಲು ಬೇಡ, ಪೊಲೀಸರು ಬಂದಾರು.) ತೇರೇ ಬೇಕೆಂದರೆ ತೇರು ಬರೆಯಲಿ, ಅದರ ಮುಂದೆ ಹಗ್ಗ ಬರೆಯಲಿ, ಹಗ್ಗಕ್ಕೆ ಯಾರ ಕೈ ಹಚ್ಚುತ್ತಾರೋ ನೋಡಿ. ಬಂದ ಚಿತ್ರಗಳನ್ನು ನಮಗೆ ಕಳಿಸಿ, ಮುಂದಿನ ಸಂಚಿಕೆಯ ರಕ್ಷಾಪುಟಕ್ಕೆ ಹಾಕುತ್ತೇವೆ.