ಸೆರೆಮನೆಯ ದಿನಚರಿ

ಶ್ರೀಮತಿ ಸ್ನೇಹಲತಾ ರೆಡ್ಡಿಯವರು ಇಂಗ್ಲಿಷಿನಲ್ಲಿ ಬರೆದಿಟ್ಟ ಸೆರೆಮನೆಯ ದಿನಚರಿಯು ಗಾತ್ರದಲ್ಲಿ ಕಿರಿದಾದರೂ ಗುಣದಲ್ಲಿ ಹಿರಿದು. ‘ಸಂಸ್ಕಾರ’ (೧೯೭೦) ಚಿತ್ರದ ಚಂದ್ರಿಯಾಗಿ ಇವರನ್ನು ಉಡುಪಿ, ಕಾರ್ಕಳಗಳ ರಸಿಕರು ಬಲ್ಲರು. ಮಾಧ್ವ ಅಗ್ರಹಾರದ ಆ ಕಥೆಯು ಅಷ್ಟಮಠಗಳ ಸೀಮೆಗೆ ಪರಕೀಯವಲ್ಲವಷ್ಟೆ.

ತುರ್ತುಪರಿಸ್ಥಿತಿಯಲ್ಲಿ, ೧೯೭೬ನೆಯ ಮೇ ತಿಂಗಳಲ್ಲಿ ಬಂಧಿತರಾದ ಈ ಉಬ್ಬಸರೋಗಿಯು ವಿಚಾರಣೆಯಿಲ್ಲದೆ ಎಂಟು ತಿಂಗಳಿಗೂ ಮಿಕ್ಕಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದರು. ಬರಹದಲ್ಲಿ ರಾಜಕೀಯದ ಆಕ್ರೋಶವುಂಟು. ಆದರೆ ಗ್ರಂಥದ ಜೀವಾಳವು ಅದಲ್ಲ. ಇಕ್ಕಟ್ಟಾದ ಕೋಣೆ, ಕಟ್ಟುವ ಉಸಿರು, ಸಹಬಂದಿ ಸ್ತ್ರೀಯರ ಅವಮಾನ, ಅವರಿಗಾಗಿ ನಡೆಸಿದ ಹೋರಾಟ, ಇವುಗಳ ನಿತ್ಯವೃತ್ತಾಂತದಲ್ಲಿಯೇ ಅದರ ಸತ್ತ್ವವಿದೆ. ತನ್ನ ನೋವಿಗೆ ಮದ್ದನ್ನು ಪರರ ನೋವಿನ ಪರಿಹಾರದಲ್ಲಿ ಅರಸಿದ ಜೀವವಿದು. ಆ ಮದ್ದು ಮನಸ್ಸಿಗೆ ಹತ್ತಿತು, ದೇಹಕ್ಕೆ ಹತ್ತಲಿಲ್ಲ. ೧೯೭೭ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ಅವರು ಕಾಲವಶರಾದರು. ಪುಸ್ತಕವು ಆ ಬಳಿಕ ಅಚ್ಚಾಯಿತು.

ಶೈಲಿಯು ಅಲ್ಲಲ್ಲಿ ತುಂಡುತುಂಡಾಗಿದೆಯೆಂದು ಆಕ್ಷೇಪಿಸುವವರು ಇದನ್ನು ನೆನೆಯಬೇಕು. ಸೆರೆವಾಸವು ಮನುಷ್ಯನನ್ನು ಪರಿಪಕ್ವಗೊಳಿಸುವುದೆಂಬ ಮಾತು ವಾಡಿಕೆಯಲ್ಲಿದೆ. ಈ ದಿನಚರಿಯು ಅದನ್ನು ತಿದ್ದುತ್ತದೆ: ಇಲ್ಲಿ ಪರಿಪಾಕವನ್ನಿತ್ತುದು ಸೆರೆಯಲ್ಲ, ಸೆರೆಯೊಳಗಿನ ಸ್ನೇಹ. ಗೋಡೆಗೆ ಸಲ್ಲದ ಕೀರ್ತಿಯನ್ನು ವಾಚಕರು ಗೋಡೆಗೆ ಕೊಡಲಾಗದು.